ಮೊಬೈಲ್ ಡೇಟಾ, ಹಾಟ್‌ಸ್ಪಾಟ್: ಯಾವುದು ಎಷ್ಟು ಭದ್ರ?

ಫೋನು ಇಂಟರ್ನೆಟ್ ತಲುಪಲು ಎರಡು ದಾರಿಗಳಿವೆ. ಸಿಮ್ ಕೊಟ್ಟ ಕಂಪನಿಯ ಟವರ್‌ಗೆ ನೇರವಾಗಿ ಹೋಗುವುದು ಒಂದು. ಜನ ಇದನ್ನೇ ‘ಡೇಟಾ’ ಅಥವಾ ಬರೀ ‘ನೆಟ್’ ಎನ್ನುತ್ತಾರೆ. ಹತ್ತಿರದ ವೈಫೈ ಪೆಟ್ಟಿಗೆಯೊಂದನ್ನು ಹಿಡಿದು, ಅದರ ಬೆನ್ನಿಗಿರುವ ಕೇಬಲ್ ಅಥವಾ ಬೇರೊಂದು ಸಿಮ್ಮಿನ ಮೂಲಕ ಮುಂದೆ ಸಾಗುವುದು ಇನ್ನೊಂದು. ಈ ಎರಡನೆಯ ದಾರಿಯ ಹೊಸ್ತಿಲೇ ಹಾಟ್‌ಸ್ಪಾಟ್. ರೈಲು ನಿಲ್ದಾಣದ ವೈಫೈ, ಲಾಡ್ಜು, ಆಸ್ಪತ್ರೆ, ಕಾಲೇಜುಗಳ ವೈಫೈ, ಅಂಗಡಿಯವರು ಸಣ್ಣ ಮೊತ್ತಕ್ಕೆ ಮಾರುವ ವೈಫೈ, ಗೆಳೆಯನ ಫೋನಿನಿಂದ ಎರವಲು ಸಿಗುವ ವೈಫೈ ಎಲ್ಲವೂ ಈ ಹೆಸರಿನಡಿ ಬರುತ್ತವೆ. ಆದರೆ ಇವುಗಳ ಭದ್ರತೆ ಒಂದೇ ಮಟ್ಟದ್ದಲ್ಲ.

ವಿಜಯಪುರ ಜಿಲ್ಲೆಯ ಮನಗೂಳಿ ರಾಷ್ಟ್ರೀಯ ಹೆದ್ದಾರಿ 50ರ ಬದಿಯ ಊರು. ಅಲ್ಲಾಗಲಿ, ಅದರ ಸುತ್ತಲಿನ ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಾಗಲಿ ಎಲ್ಲರಿಗೂ ಪರಿಚಿತವಾದದ್ದು ಈ ಎರವಲು ಹಾಟ್‌ಸ್ಪಾಟು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಪ್ಯಾಕ್ ಹಾಕಿಸುವುದು ರೂಢಿಯಾಯಿತು. ಆ ದಿನದ ಪಾಲು ಸಂಜೆಗೆ ತೀರಿದಾಗ ‘ನೆಟ್ ಮುಗದೈತಿ, ಸ್ವಲ್ಪ ಹಾಟ್‌ಸ್ಪಾಟ್ ಹಚ್ಚು’ ಎನ್ನುವುದು ಬಸ್ ಸ್ಟ್ಯಾಂಡಿನಲ್ಲೂ ಹೊಲದ ಬದುವಿನಲ್ಲೂ ಕೇಳುವ ಮಾತು. ಕೇಳಿದವರಿಗೆ ಇಲ್ಲ ಎನ್ನುವವರು ಕಡಿಮೆ. ಕೊಡುವವರಿಗೂ ಪಡೆಯುವವರಿಗೂ ಅದರಲ್ಲಿ ಏನೇನು ಅಡಗಿದೆ ಎಂಬುದು ತಿಳಿದಿರಬೇಕು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಿಕೊಳ್ಳಬೇಕು. ಹಣ, ಪಾಸ್‌ವರ್ಡ್, ಫೋಟೊ ಕಳ್ಳರ ಕೈಗೆ ಸಿಗುತ್ತವೆಯೇ ಎಂಬುದು ಸುರಕ್ಷತೆಯ ಪ್ರಶ್ನೆ. ಯಾರು ಎಲ್ಲಿದ್ದರು, ಯಾವ ಹೊತ್ತಿಗೆ ಏನನ್ನು ನೋಡಿದರು ಎಂಬುದು ಯಾರ ಕಡತದಲ್ಲಿ ಉಳಿಯುತ್ತದೆ ಎಂಬುದು ಖಾಸಗಿತನದ ಪ್ರಶ್ನೆ. ಒಂದರಲ್ಲಿ ಗಟ್ಟಿಯಾದ ದಾರಿ ಇನ್ನೊಂದರಲ್ಲಿ ಸಡಿಲವಾಗಿರಬಹುದು. ಮೊಬೈಲ್ ಡೇಟಾ ಅಂಥದ್ದೇ ದಾರಿ.

ಸಿಮ್ ಮತ್ತು ಟವರ್

ಸಿಮ್ ಕಾರ್ಡಿನೊಳಗೆ ಒಂದು ಗುಪ್ತ ಸಂಖ್ಯೆ ಇರುತ್ತದೆ. ಅದರ ನಕಲು ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಗಾಳಿಯಲ್ಲಿ ಅದು ಎಂದೂ ಹರಿದಾಡುವುದಿಲ್ಲ. ಫೋನು ನೆಟ್‌ವರ್ಕ್ ಕೇಳಿದಾಗ ಕಂಪನಿ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕಳಿಸುತ್ತದೆ. ಸಿಮ್ ಆ ಸಂಖ್ಯೆಗೆ ತನ್ನ ಗುಪ್ತ ಸಂಖ್ಯೆಯನ್ನು ಬೆರೆಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಕಂಪನಿಯೂ ಅದೇ ಲೆಕ್ಕ ಮಾಡುತ್ತದೆ. ಎರಡೂ ತಾಳೆಯಾದರೆ ಒಳಗೆ ಪ್ರವೇಶ. ಇದೇ ಲೆಕ್ಕದಿಂದ ಹುಟ್ಟುವ ಇನ್ನೊಂದು ಕೀಲಿಯಿಂದ ಫೋನು ಮತ್ತು ಟವರ್ ನಡುವಿನ ಮಾಹಿತಿ ಗೂಢಲಿಪಿಗೆ ತಿರುಗುತ್ತದೆ. ಬಳಸುವವರು ಪಾಸ್‌ವರ್ಡ್ ಇಡಬೇಕಿಲ್ಲ, ಆಯ್ಕೆ ಮಾಡಬೇಕಿಲ್ಲ, ಮರೆಯುವ ಭಯವೂ ಇಲ್ಲ. ಜನಸಾಮಾನ್ಯರ ಕೈಯಲ್ಲಿರುವ ಭದ್ರತಾ ವ್ಯವಸ್ಥೆಗಳಲ್ಲಿ ಇಷ್ಟು ಸದ್ದಿಲ್ಲದೆ, ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ ಎಂದರೆ ಅತಿಶಯವಲ್ಲ.

ಹಾಗೆಂದು ದೋಷವಿಲ್ಲದ್ದಲ್ಲ. 2ಜಿ ಕಾಲದ ವ್ಯವಸ್ಥೆಯಲ್ಲಿ ಕಂಪನಿ ಫೋನನ್ನು ಪರೀಕ್ಷಿಸುತ್ತಿತ್ತೇ ಹೊರತು ಫೋನು ಟವರನ್ನು ಪರೀಕ್ಷಿಸುತ್ತಿರಲಿಲ್ಲ. ಹೀಗಾಗಿ ಸುಳ್ಳು ಟವರ್ ನಿಲ್ಲಿಸಿದವರು ಸುತ್ತಲಿನ ಫೋನುಗಳನ್ನು ತಮ್ಮತ್ತ ಸೆಳೆಯಬಹುದಿತ್ತು. 2ಜಿಯ ಗೂಢಲಿಪಿಯೂ ಬಡಕಲು. ಅದನ್ನು ಸಾಮಾನ್ಯ ಕಂಪ್ಯೂಟರಿನಿಂದಲೇ ಬಿಡಿಸಬಹುದು ಎಂಬುದನ್ನು ಜರ್ಮನಿಯ ಸಂಶೋಧಕ ಕಾರ್ಸ್ಟನ್ ನೋಲ್ 2009ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸಮಾವೇಶವೊಂದರಲ್ಲಿ ಲೋಕಕ್ಕೆ ತೋರಿಸಿದರು. 3ಜಿಯಿಂದ ಮುಂದೆ ಪರೀಕ್ಷೆ ಎರಡೂ ಕಡೆಯಿಂದ ನಡೆಯುತ್ತದೆ. 5ಜಿಯಲ್ಲಿ ಚಂದಾದಾರರ ಗುರುತಿನ ಸಂಖ್ಯೆಯನ್ನೂ ಮುಚ್ಚಿಟ್ಟು ಕಳಿಸುವ ಏರ್ಪಾಡಿದೆ. ಆದರೆ ಸಿಗ್ನಲ್ ಕ್ಷೀಣಿಸಿದಾಗ ಹಲವು ಫೋನುಗಳು ಈಗಲೂ 2ಜಿಗೆ ಇಳಿಯುತ್ತವೆ. ಬಯಲುಸೀಮೆಯ ಹೊಲಗಳ ನಡುವೆ ಇದು ಅಪರೂಪವಲ್ಲ. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಕೆಲವು ಫೋನುಗಳ ಸಿಮ್ ಸೆಟ್ಟಿಂಗ್‌ನಲ್ಲಿ 2ಜಿಯನ್ನು ಆಫ್ ಮಾಡಿಡುವ ಅವಕಾಶ ಬಂದಿದೆ. 4ಜಿ ಸಿಗ್ನಲ್ ಚೆನ್ನಾಗಿರುವಲ್ಲಿ ಅದನ್ನು ಆಫ್ ಮಾಡಿಡುವುದೇ ಸರಿ.

ಇನ್ನೊಂದು ಬಿರುಕು ಟವರ್‌ನಲ್ಲಿಲ್ಲ, ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಹಳೆಯ ಏರ್ಪಾಡಿನಲ್ಲಿದೆ. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಅದೇ ದಾರಿಯಿಂದ ಗ್ರಾಹಕರ ಓಟಿಪಿ ಸಂದೇಶಗಳನ್ನು ತಮ್ಮತ್ತ ತಿರುಗಿಸಿಕೊಂಡು ಬ್ಯಾಂಕ್ ಖಾತೆ ಬರಿದು ಮಾಡಿದರು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅದಕ್ಕಿಂತ ಸರಳ ಮೋಸ: ಸುಳ್ಳು ದಾಖಲೆ ಕೊಟ್ಟು ಬೇರೊಬ್ಬರ ಸಂಖ್ಯೆಗೆ ಹೊಸ ಸಿಮ್ ಪಡೆಯುವುದು. ಫೋನಿನಲ್ಲಿ ನೆಟ್‌ವರ್ಕ್ ಗುರುತು ಕಾರಣವಿಲ್ಲದೆ ಮಾಯವಾಗಿ, ಪಕ್ಕದವರ ಅದೇ ಕಂಪನಿಯ ಸಿಮ್‌ಗೆ ಸಿಗ್ನಲ್ ಇದ್ದರೆ ಕೂಡಲೇ ಕಂಪನಿಗೆ ಬೇರೆ ಫೋನಿನಿಂದ ಕರೆ ಮಾಡಬೇಕು. ಸಿಮ್ ಬದಲಾದ ಏಳು ದಿನಗಳೊಳಗೆ ಸಂಖ್ಯೆಯನ್ನು ಇನ್ನೊಂದು ಕಂಪನಿಗೆ ಒಯ್ಯುವಂತಿಲ್ಲ ಎಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಈ ಮೋಸಕ್ಕೆ ಕಡಿವಾಣ ಹಾಕಲೆಂದೇ.

ವೈಫೈಗೆ ಬೀಗ ಬಂದ ಬಗೆ

ವೈಫೈನ ಮೊದಲ ಗೂಢಲಿಪಿ 1997ರ ‘ವೆಪ್’. ನಾಲ್ಕೇ ವರ್ಷದಲ್ಲಿ ಅದು ಟೊಳ್ಳೆಂದು ಸಾಬೀತಾಯಿತು. 2003ರಲ್ಲಿ ತಾತ್ಕಾಲಿಕ ಮದ್ದಾಗಿ ‘ಡಬ್ಲ್ಯುಪಿಎ’, 2004ರಲ್ಲಿ ಗಟ್ಟಿಯಾದ ‘ಡಬ್ಲ್ಯುಪಿಎ2’, 2018ರಲ್ಲಿ ‘ಡಬ್ಲ್ಯುಪಿಎ3’ ಬಂದವು. ಮನೆಯ ರೂಟರ್ ಮತ್ತು ಫೋನಿನ ಹಾಟ್‌ಸ್ಪಾಟುಗಳಲ್ಲಿ ಈಗ ಇರುವುದು ಹೆಚ್ಚಾಗಿ ಕೊನೆಯ ಎರಡು. ಡಬ್ಲ್ಯುಪಿಎ2ರಲ್ಲಿ 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಮ್ಯಾಥಿ ವ್ಯಾನ್‌ಹೂಫ್ ಒಂದು ದೊಡ್ಡ ಲೋಪ ಕಂಡುಹಿಡಿದರು. ಕಂಪನಿಗಳು ತಿದ್ದುಪಡಿ ಕಳಿಸಿದವು. ತಿದ್ದುಪಡಿ ತಲುಪದ ಹಳೆಯ ಫೋನು, ಹಳೆಯ ರೂಟರ್‌ಗಳಲ್ಲಿ ಲೋಪ ಹಾಗೆಯೇ ಉಳಿದಿದೆ.

ಆದರೆ ಸಾರ್ವಜನಿಕ ಹಾಟ್‌ಸ್ಪಾಟಿನ ಮುಖ್ಯ ತೊಡಕು ಈ ಲೋಪವಲ್ಲ. ಹೋಟೆಲಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಪಾಸ್‌ವರ್ಡ್ ಬರೆದಿಟ್ಟರೆ, ಡಬ್ಲ್ಯುಪಿಎ2 ಇದ್ದರೂ, ಆ ಪಾಸ್‌ವರ್ಡ್ ಗೊತ್ತಿರುವ ಜಾಣನೊಬ್ಬ ಪಕ್ಕದ ಮೇಜಿನವರ ಫೋನು ಜೋಡಣೆಯಾಗುವ ಕ್ಷಣವನ್ನು ಹಿಡಿದಿಟ್ಟುಕೊಂಡು ಅವರ ವೈಫೈ ಗೂಢಲಿಪಿಯನ್ನು ಬಿಡಿಸಬಲ್ಲ. ಡಬ್ಲ್ಯುಪಿಎ3 ಈ ದಾರಿಯನ್ನು ಮುಚ್ಚಿದೆ. ಪಾಸ್‌ವರ್ಡೇ ಇಲ್ಲದ ತೆರೆದ ವೈಫೈನಲ್ಲಂತೂ ಸಾಮಾನ್ಯವಾಗಿ ಗಾಳಿಯಲ್ಲಿ ಗೂಢಲಿಪಿಯೇ ಇರುವುದಿಲ್ಲ.

ಇಲ್ಲಿ ಜನರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆ ಇದೆ. ರೈಲು ನಿಲ್ದಾಣದ ವೈಫೈ ಹಿಡಿದರೆ ಮೊಬೈಲ್ ಸಂಖ್ಯೆ ಕೇಳುತ್ತದೆ, ಓಟಿಪಿ ಬರುತ್ತದೆ, ಅದನ್ನು ಹಾಕಿದ ಮೇಲೆ ನೆಟ್ ಸಿಗುತ್ತದೆ. ಓಟಿಪಿ ಕೇಳಿತು ಅಂದ ಮೇಲೆ ಭದ್ರವೇ ಇರಬೇಕು ಎಂದು ಜನ ಭಾವಿಸುತ್ತಾರೆ. ಆ ಓಟಿಪಿಗೂ ಗೂಢಲಿಪಿಗೂ ಸಂಬಂಧವಿಲ್ಲ. ಬಳಸುತ್ತಿರುವವರು ಯಾರು ಎಂದು ದಾಖಲಿಸಿಕೊಳ್ಳಲಷ್ಟೇ ಅದು ಇರುವುದು. ಇದರ ಹಿಂದೊಂದು ಇತಿಹಾಸವಿದೆ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ–ಮೇಲ್ ಹೊರಟದ್ದು ನವಿ ಮುಂಬೈನಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ವೈಫೈನಿಂದ. ಅದನ್ನು ಬಳಸಿಕೊಂಡವರು ಹೊರಗಿನವರು. ತನಿಖೆಯ ಬಿಸಿ ತಟ್ಟಿದ್ದು ಮನೆಯವರಿಗೆ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಬಳಸುವವರ ಗುರುತು ದಾಖಲಾಗಬೇಕೆಂಬ ಸೂಚನೆ ಹೊರಡಿಸಿತು. ಇಂದಿನ ಓಟಿಪಿ ಪುಟಗಳು ಅದರ ಮುಂದುವರಿಕೆ.

ಕರ್ನಾಟಕದಲ್ಲಿ ಸಾರ್ವಜನಿಕ ವೈಫೈ ಬೆಂಗಳೂರಿನಿಂದ ಶುರುವಾಯಿತು. 2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಂಥ ಕಡೆ ‘ನಮ್ಮ ವೈಫೈ’ ಬಂತು. 2016ರಲ್ಲಿ ಗೂಗಲ್ ಜತೆ ಸೇರಿ ರೈಲ್ವೆಯ ಸಂಸ್ಥೆಯಾದ ರೈಲ್‌ಟೆಲ್ ಮುಂಬೈ ಸೆಂಟ್ರಲ್‌ನಿಂದ ರೈಲು ನಿಲ್ದಾಣಗಳ ವೈಫೈ ಆರಂಭಿಸಿತು. 2020ರಲ್ಲಿ ಗೂಗಲ್ ಹಿಂದೆ ಸರಿದರೂ ರೈಲ್‌ಟೆಲ್ ಅದನ್ನು ಆರು ಸಾವಿರಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿಸಿತು. ದಿನಕ್ಕೆ ಮೊದಲ ಅರ್ಧ ಗಂಟೆ ಉಚಿತ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ‘ಪಿಎಂ–ವಾಣಿ’ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಚಹಾ ಅಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ವೈಫೈ ಮಾರಬಹುದು. ಗ್ರಾಮೀಣ ಊರುಗಳಿಗೆ ಇದು ಒಳ್ಳೆಯ ಯೋಜನೆ. ಇಲ್ಲಿ ಗ್ರಾಹಕರ ಗುರುತಿನ ಪರಿಶೀಲನೆ ಅಂಗಡಿಯವರ ಕೆಲಸವಲ್ಲ. ಅದು ನೋಂದಾಯಿತ ಆ್ಯಪ್ ಮತ್ತು ಮಧ್ಯವರ್ತಿ ಸಂಸ್ಥೆಗಳ ಮೂಲಕ ನಡೆಯುತ್ತದೆ. ವಹಿಯಲ್ಲಿ ಹೆಸರು, ನಂಬರ್ ಬರೆಸಿಕೊಂಡು ಪಾಸ್‌ವರ್ಡ್ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ.

ಸುಳ್ಳು ಹೆಸರಿನ ಬಲೆ

ಸಿಮ್‌ಗೂ ವೈಫೈಗೂ ಇರುವ ನಿಜವಾದ ಅಂತರ ಹೆಸರಿನಲ್ಲಿದೆ. 4ಜಿ ಟವರ್ ತಾನು ಯಾರೆಂದು ಗುಪ್ತ ಸಂಖ್ಯೆಯ ಲೆಕ್ಕದಿಂದ ಸಾಬೀತು ಮಾಡಬೇಕು. ತೆರೆದ ವೈಫೈ ಬರೀ ತನ್ನ ಹೆಸರು ಹೇಳಿದರೆ ಸಾಕು. ಯಾರು ಬೇಕಾದರೂ ತಮ್ಮ ಪೆಟ್ಟಿಗೆಗೆ ನಿಲ್ದಾಣದ ವೈಫೈನ ಹೆಸರನ್ನೇ ಇಡಬಹುದು. ಮೊದಲೊಮ್ಮೆ ಆ ಹೆಸರಿಗೆ ಜೋಡಣೆಯಾದ ಫೋನು ಜೇಬಿನಲ್ಲಿದ್ದಂತೆಯೇ ತಾನಾಗಿ ಹೋಗಿ ಸೇರಿಕೊಳ್ಳಬಹುದು. ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳಲ್ಲಿ, ಹಾರಾಟದಲ್ಲಿದ್ದ ವಿಮಾನದೊಳಗೂ ಇಂಥ ಅವಳಿ ವೈಫೈ ಹೂಡಿದ್ದ ಪರ್ತ್‌ನ ವ್ಯಕ್ತಿಯೊಬ್ಬನ ಮೇಲೆ 2024ರಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು. 2025ರಲ್ಲಿ ಆತನಿಗೆ ಏಳು ವರ್ಷಕ್ಕೂ ಮೀರಿದ ಸೆರೆವಾಸ ವಿಧಿಸಲಾಯಿತು. ಆತ ಯಾರ ಗೂಢಲಿಪಿಯನ್ನೂ ಒಡೆಯುವ ಗೋಜಿಗೆ ಹೋಗಿರಲಿಲ್ಲ. ಉಚಿತ ವೈಫೈ ಬೇಕಿದ್ದರೆ ಇ–ಮೇಲ್ ಅಥವಾ ಸಾಮಾಜಿಕ ಜಾಲತಾಣದ ಲಾಗಿನ್ ಹಾಕಿ ಎಂಬ ನಕಲಿ ಪುಟ ತೋರಿಸಿದ. ಜನ ತಾವಾಗಿ ಬರೆದುಕೊಟ್ಟರು.

ವೈಫೈ ಪುಟ ಮೊಬೈಲ್ ಸಂಖ್ಯೆ ಕೇಳುವುದು ಸಹಜ. ಇ–ಮೇಲ್ ಪಾಸ್‌ವರ್ಡ್, ಆಧಾರ್, ಕಾರ್ಡ್‌ನ ಹಿಂಬದಿಯ ಅಂಕಿ, ಯುಪಿಐ ಪಿನ್ ಕೇಳುವುದು ಸಹಜವಲ್ಲ. ಆ್ಯಪ್ ಒಂದನ್ನು ಪುಟದಿಂದಲೇ ಇಳಿಸಿಕೊಳ್ಳಿ ಎಂದರೆ ಅಲ್ಲಿಗೆ ನಿಲ್ಲಿಸಬೇಕು. ಬಳಸಿ ಮುಗಿದ ಮೇಲೆ ಫೋನಿನ ಪಟ್ಟಿಯಿಂದ ಆ ವೈಫೈನ ಹೆಸರನ್ನು ಅಳಿಸಿದರೆ ಮುಂದೆ ತಾನಾಗಿ ಜೋಡಣೆಯಾಗುವುದಿಲ್ಲ.

ಗಾಳಿಯಲ್ಲಿ ಕದಿಯುವುದು ಈಗ ಕಷ್ಟ

2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ ‘ಫೈರ್‌ಶೀಪ್’ ಎಂಬ ಸಣ್ಣ ಸಾಧನ ಬಿಡುಗಡೆ ಮಾಡಿದ. ಫೈರ್‌ಫಾಕ್ಸ್ ಬ್ರೌಸರಿಗೆ ಅದನ್ನು ಸೇರಿಸಿಕೊಂಡು ತೆರೆದ ವೈಫೈನಲ್ಲಿ ಕುಳಿತರೆ, ಅಕ್ಕಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಒಂದು ಕ್ಲಿಕ್ಕಿನಲ್ಲಿ ಹೊಗಬಹುದಿತ್ತು. ಜಾಲತಾಣಗಳು ಲಾಗಿನ್ ಪುಟವನ್ನಷ್ಟೇ ಗೂಢಲಿಪಿಯಲ್ಲಿಟ್ಟು ಉಳಿದದ್ದನ್ನು ತೆರೆದಿಡುತ್ತಿದ್ದ ಕಾಲ ಅದು. ಕಂಪನಿಗಳನ್ನು ಎಚ್ಚರಿಸುವುದೇ ಬಟ್ಲರ್‌ನ ಉದ್ದೇಶ, ಅದು ಫಲಿಸಿತು. 2015ರ ಹೊತ್ತಿಗೆ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಭದ್ರತಾ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡತೊಡಗಿದ ಮೇಲೆ ಇಡೀ ತಾಣವನ್ನು ಗೂಢಲಿಪಿಯಲ್ಲಿಡುವ ಎಚ್‌ಟಿಟಿಪಿಎಸ್ ಎಲ್ಲೆಡೆ ಹಬ್ಬಿತು. ಇಂದು ಬ್ಯಾಂಕ್ ಇರಲಿ, ವಾಟ್ಸ್ಆ್ಯಪ್ ಇರಲಿ, ಸರ್ಕಾರದ ಸೇವಾ ಸಿಂಧು ತಾಣ ಇರಲಿ, ಮಾಹಿತಿ ಫೋನಿನಿಂದ ಹೊರಡುವ ಮೊದಲೇ ಗೂಢಲಿಪಿಯಾಗಿರುತ್ತದೆ. ವೈಫೈಗೆ ಬೀಗವಿಲ್ಲದಿದ್ದರೂ ಒಳಗಿನದು ಓದಲು ಸಿಗುವುದಿಲ್ಲ.

ಅಮೆರಿಕದ ಗ್ರಾಹಕ ರಕ್ಷಣೆಯ ಹೊಣೆ ಹೊತ್ತ ಫೆಡರಲ್ ಟ್ರೇಡ್ ಕಮಿಷನ್ ಈ ಕಾರಣಕ್ಕಾಗಿಯೇ ತನ್ನ ಹಳೆಯ ಸಲಹೆ ಬದಲಿಸಿ, ಸಾರ್ವಜನಿಕ ವೈಫೈ ಸಾಮಾನ್ಯವಾಗಿ ಸುರಕ್ಷಿತ ಎನ್ನತೊಡಗಿದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ ಮಾತ್ರ ಹಣದ ವ್ಯವಹಾರಕ್ಕೆ ಅದು ಬೇಡವೆಂದೇ ಹೇಳುತ್ತದೆ. ಮೇಲ್ನೋಟಕ್ಕೆ ಎರಡೂ ಎದುರುಬದುರಾಗಿ ಕಂಡರೂ ನಮ್ಮ ಪರಿಸ್ಥಿತಿಗೆ ಸರ್ಟ್–ಇನ್ ಮಾತೇ ಹೊಂದುತ್ತದೆ. ಹಲವು ವರ್ಷ ತಿದ್ದುಪಡಿ ಕಾಣದ ಆಂಡ್ರಾಯ್ಡ್ ಫೋನುಗಳು, ಪ್ರಮಾಣಪತ್ರದ ಎಚ್ಚರಿಕೆ ಬಂದರೂ ‘ಮುಂದುವರಿ’ ಒತ್ತುವ ರೂಢಿ ಇಲ್ಲಿ ಇನ್ನೂ ಇವೆ. ಸ್ವಂತ ಡೇಟಾ ಇಷ್ಟು ಅಗ್ಗಕ್ಕೆ ಸಿಗುವ ದೇಶದಲ್ಲಿ ಹಣ ಕಳಿಸುವ ಒಂದು ನಿಮಿಷ ವೈಫೈ ಆಫ್ ಮಾಡುವುದು ದೊಡ್ಡ ತ್ಯಾಗವೂ ಅಲ್ಲ.

ಯುಪಿಐ ವಿಷಯದಲ್ಲಿ ಇನ್ನೂ ಒಂದು ಸಮಾಧಾನವಿದೆ. ಆ್ಯಪ್ ನೋಂದಣಿಯಾಗುವಾಗ ಫೋನಿನಿಂದಲೇ ಒಂದು ಎಸ್‌ಎಂಎಸ್ ಹೊರಡುತ್ತದೆ. ಅದರಿಂದ ಆ ಸಿಮ್ಮು, ಆ ಫೋನು ಒಂದಕ್ಕೊಂದು ಕಟ್ಟುಬೀಳುತ್ತವೆ. ಪಿನ್ ಒತ್ತುವ ಪುಟ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ರೂಪಿಸಿದ್ದು, ಆ್ಯಪ್‌ನವರಿಗೂ ಪಿನ್ ತಿಳಿಯುವುದಿಲ್ಲ. ನಡುದಾರಿಯಲ್ಲಿ ವೈಫೈ ಕೇಳಿಸಿಕೊಂಡು ಯುಪಿಐ ಹಣ ಕದಿಯುವುದು ಬಹಳ ಕಷ್ಟ.

ಯಾರಿಗೆ ಏನು ಕಾಣುತ್ತದೆ

ಒಳಗಿನದು ಕಾಣದಿದ್ದರೂ ವಿಳಾಸ ಕಾಣುತ್ತದೆ. ಯಾವ ಜಾಲತಾಣಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಮಾಹಿತಿ ಹೋಯಿತು ಎಂಬುದು ಹಾಟ್‌ಸ್ಪಾಟ್ ನಡೆಸುವವರಿಗೆ ಹೆಚ್ಚಾಗಿ ಗೊತ್ತಾಗುತ್ತದೆ. ಓಟಿಪಿಗೆ ಕೊಟ್ಟ ಸಂಖ್ಯೆಯ ಜತೆ ಇದು ಸೇರಿದರೆ ಒಬ್ಬ ವ್ಯಕ್ತಿಯ ದಿನಚರಿಯ ಒಂದು ತುಣುಕು ಸಿಕ್ಕಂತೆ. ವೈಫೈ ಚಿಪ್ಪಿಗೆ ಅಂಟಿದ ಶಾಶ್ವತ ಗುರುತಿನ ಸಂಖ್ಯೆಯಿಂದ ಒಂದೇ ಫೋನನ್ನು ಊರಿಂದೂರಿಗೆ ಹಿಂಬಾಲಿಸುವುದೂ ಒಂದು ಕಾಲಕ್ಕೆ ಸುಲಭವಿತ್ತು. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರ ನಂತರ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಹುಸಿ ಸಂಖ್ಯೆ ತೋರಿಸುತ್ತವೆ.

ಮೊಬೈಲ್ ಡೇಟಾದಲ್ಲಿ ಈ ಎಲ್ಲ ತಿಳಿವಳಿಕೆ ಒಂದೇ ಕಂಪನಿಯ ಬಳಿ ಇರುತ್ತದೆ, ಅದೂ ದಿನದ ಇಪ್ಪತ್ತನಾಲ್ಕು ಗಂಟೆ. ಸಿಮ್ ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಮೇಲೆ ಪಡೆದದ್ದು. ಹೆಸರು, ವಿಳಾಸ ಅಲ್ಲಿವೆ. ಫೋನು ಯಾವ ಟವರ್‌ನಿಂದ ಯಾವ ಟವರ್‌ಗೆ ಹೋಯಿತು ಎಂಬುದು ತಾನಾಗಿ ದಾಖಲಾಗುತ್ತದೆ. ಕರೆಗಳ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರ್‌ನಲ್ಲಿ ಸರ್ಕಾರ ಲೈಸೆನ್ಸ್ ಷರತ್ತು ಬದಲಿಸಿದೆ. ಅಪರಿಚಿತ ಕಳ್ಳರಿಂದ ರಕ್ಷಿಸುವುದರಲ್ಲಿ ಮೊಬೈಲ್ ಡೇಟಾ ಮುಂದು. ಆದರೆ ಖಾಸಗಿತನ ಬೇಕೆಂದವರಿಗೆ ಅದು ಅಡಗುತಾಣವಲ್ಲ.

ಇದಕ್ಕೆ ಮದ್ದೆಂದು ವಿಪಿಎನ್ ಆ್ಯಪ್‌ಗಳ ಜಾಹೀರಾತು ಬರುತ್ತದೆ. ವಿಪಿಎನ್ ಹಾಕಿಕೊಂಡರೆ ಹಾಟ್‌ಸ್ಪಾಟಿನವರಿಗೂ ಮೊಬೈಲ್ ಕಂಪನಿಗೂ ವಿಳಾಸ ಕಾಣದು, ನಿಜ. ಅವರ ಬದಲು ವಿಪಿಎನ್ ಕಂಪನಿಗೆ ಕಾಣುತ್ತದೆ. ಉಚಿತ ವಿಪಿಎನ್ ನಡೆಸುವವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ ಅದನ್ನು ಇಳಿಸಿಕೊಳ್ಳುವ ಆತುರ ಕಡಿಮೆಯಾದೀತು.

ಸ್ಥಳದ ಗುಟ್ಟು ಇನ್ನೊಂದು ದಾರಿಯಿಂದಲೂ ಹೊರಗೆ ಹೋಗುತ್ತದೆ. ಜಿಪಿಎಸ್ ಇಲ್ಲದಿದ್ದರೂ ಸುತ್ತಲಿನ ವೈಫೈ ಪೆಟ್ಟಿಗೆಗಳ ಪಟ್ಟಿಯಿಂದ ಫೋನು ತಾನೆಲ್ಲಿದೆ ಎಂದು ಊಹಿಸಬಲ್ಲದು. ಲೋಕದ ವೈಫೈಗಳ ನಕ್ಷೆಯನ್ನು ದೊಡ್ಡ ಕಂಪನಿಗಳು ಮೊದಲೇ ಮಾಡಿಟ್ಟಿವೆ. ಹೀಗೆ ನಕ್ಷೆ ಮಾಡುತ್ತಿದ್ದ ತನ್ನ ಸ್ಟ್ರೀಟ್ ವ್ಯೂ ಕಾರುಗಳು ಬೀಗವಿಲ್ಲದ ವೈಫೈಗಳಲ್ಲಿ ಹರಿಯುತ್ತಿದ್ದ ಜನರ ಮಾಹಿತಿಯನ್ನೂ ಹಿಡಿದಿದ್ದವು ಎಂದು ಗೂಗಲ್ 2010ರಲ್ಲಿ ಒಪ್ಪಿಕೊಂಡಿತು. ಕೆಲವು ಆ್ಯಪ್‌ಗಳಿಗೆ ಸ್ಥಳ ತಿಳಿಯಲೇಬೇಕು: ರೈತರು ಹೊಲದಲ್ಲಿ ನಿಂತು ಫೋಟೊ ತೆಗೆಯುವ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್ ಸ್ಥಳವಿಲ್ಲದೆ ಕೆಲಸ ಮಾಡದು. ಟಾರ್ಚ್ ಆ್ಯಪ್‌ಗೆ ಹೊಲದ ಸರ್ವೆ ನಂಬರಾಗಲಿ ಮನೆಯ ದಾರಿಯಾಗಲಿ ಬೇಕಾಗಿಲ್ಲ. ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಆಯ್ಕೆಯನ್ನು ಒತ್ತುವುದು ಈ ವ್ಯತ್ಯಾಸವನ್ನು ಕಾಯುತ್ತದೆ.

ಕೈಯಲ್ಲಿರುವ ಫೋನು

2025ರ ಮೇ ತಿಂಗಳ ನಾಲ್ಕನೇ ಶನಿವಾರ–ಭಾನುವಾರದ ರಜೆಯಲ್ಲಿ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋ ಚಿನ್ನ ಕಳವಾಯಿತು. ಕಳ್ಳರು ನಕಲಿ ಕೀಲಿ ಬಳಸಿದ್ದರೆಂದು ಪೊಲೀಸರು ತನಿಖೆಯ ನಂತರ ತಿಳಿಸಿದರು. ಫೋನಿನ ಮೋಸಗಳೂ ಬಹುಪಾಲು ಇದೇ ಬಗೆಯವು: ಗೂಢಲಿಪಿ ಎಂಬ ಬೀಗ ಒಡೆಯುವವರು ವಿರಳ, ಕೀಲಿಯನ್ನು ಯಾವುದಾದರೂ ನೆಪದಲ್ಲಿ ಪಡೆಯುವವರು ಅನೇಕ.

ಆ ನೆಪಗಳಲ್ಲಿ ಈಗ ಎದ್ದು ಕಾಣುವುದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ, ಅಂದರೆ ಆ್ಯಪ್ ಅಳವಡಿಸುವ ಕಡತ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಸರ್ಕಾರಿ ಯೋಜನೆಯ ಅರ್ಜಿ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ಅದು ಬರುತ್ತದೆ. ಪರಿಚಯದವರ ಸಂಖ್ಯೆಯಿಂದಲೇ ಬರುವುದೂ ಉಂಟು, ಏಕೆಂದರೆ ಅವರ ಫೋನು ಮೊದಲೇ ವಶವಾಗಿರುತ್ತದೆ. ಒತ್ತಿ ಒಳಬಿಟ್ಟರೆ ಅದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಆಮೇಲೆ ಬರುವ ಓಟಿಪಿಗಳೆಲ್ಲ ಕಳ್ಳರಿಗೆ ರವಾನೆಯಾಗುತ್ತವೆ. ಆಗ ಫೋನು ಸ್ವಂತ ಡೇಟಾದಲ್ಲಿತ್ತೋ ನಿಲ್ದಾಣದ ವೈಫೈನಲ್ಲಿತ್ತೋ ಎಂಬುದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಪರದೆ ಹಂಚುವ ಆ್ಯಪ್‌ಗಳ ಮೋಸವೂ ಹೀಗೆಯೇ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಹಣ ಎಗರಿಸುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ದಾರಿಯ ಭದ್ರತೆಯ ಚರ್ಚೆಯಲ್ಲಿ ಈ ಮಾತು ಮರೆಯಾಗುತ್ತದೆ. ಜನರ ಎಚ್ಚರಿಕೆಯನ್ನೆಲ್ಲ ವೈಫೈ ಭಯದ ಮೇಲೆ ಖರ್ಚು ಮಾಡಿಸಿ ಎಪಿಕೆ ಬಗ್ಗೆ ಸುಮ್ಮನಿರುವ ಜಾಗೃತಿ ಭಾಷಣಗಳಿಂದ ಪ್ರಯೋಜನ ಅಷ್ಟಕ್ಕಷ್ಟೇ.

ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇರುವ ಕುಟುಂಬಗಳಲ್ಲಿ ಖಾಸಗಿತನದ ರೂಪವೇ ಬೇರೆ. ಅಪ್ಪನ ಯುಪಿಐ, ಅವ್ವನ ಗೃಹಲಕ್ಷ್ಮಿ ಹಣದ ಸಂದೇಶ, ಮಗಳ ಕಾಲೇಜಿನ ಗ್ರೂಪು, ಮಗನ ಆಟ ಎಲ್ಲವೂ ಒಂದರಲ್ಲೇ. ಹೊರಗಿನ ಕಳ್ಳರಿಗಿಂತ ಮೊದಲು ಇಲ್ಲಿ ಮಗಳ ಸಂದೇಶ ಓದುವವರು ಮನೆಯವರೇ. ಇದು ತಂತ್ರಜ್ಞಾನದ ಪುಸ್ತಕಗಳಲ್ಲಿ ಬರುವುದಿಲ್ಲ, ಆದರೆ ಹೆಣ್ಣುಮಕ್ಕಳಿಗೆ ಇದು ದಿನನಿತ್ಯದ ಸಂಗತಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಬೇರೆಬೇರೆ ಬಳಕೆದಾರರ ಖಾತೆ ತೆರೆಯಬಹುದು, ವಾಟ್ಸ್ಆ್ಯಪ್‌ಗೂ ಯುಪಿಐ ಆ್ಯಪ್‌ಗೂ ಪ್ರತ್ಯೇಕ ಲಾಕ್ ಹಾಕಬಹುದು. ಮಕ್ಕಳ ಕೈಗೆ ಫೋನು ಕೊಡುವಾಗ ಒಂದೇ ಆ್ಯಪ್‌ಗೆ ಪರದೆಯನ್ನು ಕಟ್ಟಿಹಾಕುವ ‘ಪಿನ್’ ಸೌಲಭ್ಯವೂ ಇದೆ.

ಫೋನು ಮನೆಯಿಂದ ಹೊರಗೆ ಹೋಗುವ ಇನ್ನೊಂದು ಸಂದರ್ಭ ರಿಪೇರಿ. ಅಂಗಡಿಯಲ್ಲಿ ಲಾಕ್ ಸಂಖ್ಯೆ ಚೀಟಿಯ ಮೇಲೆ ಬರೆಸಿಕೊಳ್ಳುತ್ತಾರೆ. ಆ ಚೀಟಿ, ಆ ಫೋನು ಒಂದೆರಡು ದಿನ ಅಲ್ಲೇ ಇರುತ್ತವೆ. 2022ರಿಂದ ಸ್ಯಾಮ್‌ಸಂಗ್ ಫೋನುಗಳಲ್ಲಿ ಬಂದ ‘ಮೇಂಟೆನೆನ್ಸ್ ಮೋಡ್’ ಹಾಕಿದರೆ ಫೋಟೊ, ಸಂದೇಶ, ಖಾತೆ ಮರೆಯಾಗಿ ರಿಪೇರಿಗೆ ಬೇಕಾದಷ್ಟೇ ತೆರೆದಿರುತ್ತದೆ. ಈ ಸೌಲಭ್ಯ ಇಲ್ಲದ ಫೋನಿನ ಫೋಟೊಗಳನ್ನು ಬೇರೆಡೆಗೆ ಸಾಗಿಸಿ, ಸಿಮ್ ತೆಗೆದುಕೊಂಡು ಕೊಡುವುದು ಒಳಿತು.

ಹಾಟ್‌ಸ್ಪಾಟ್ ಹಚ್ಚಿಕೊಟ್ಟವರ ಹೊಣೆ

ಎರವಲು ಹಾಟ್‌ಸ್ಪಾಟಿನಲ್ಲಿ ಪಡೆಯುವವರಿಗಿಂತ ಕೊಡುವವರ ಅಪಾಯ ದೊಡ್ಡದು. ಪಡೆದವರು ಏನೇ ಮಾಡಿದರೂ ಹೊರಗಿನ ಲೋಕಕ್ಕೆ ಅದು ಕೊಟ್ಟವರ ಸಿಮ್ಮಿನಿಂದ ಬಂದದ್ದು. ಬೆದರಿಕೆಯ ಸಂದೇಶವೋ ನಿಷೇಧಿತ ವಿಡಿಯೊವೋ ಹೋಗಿದ್ದರೆ ಪೊಲೀಸರು ಮೊದಲು ತಟ್ಟುವುದು ಸಿಮ್ ಇರುವವರ ಬಾಗಿಲನ್ನು. ನವಿ ಮುಂಬೈನ ಆ ಮನೆಯಲ್ಲಿ ನಡೆದದ್ದು ಅದೇ. ಮನೆಯವರಿಗೆ, ಗುರುತಿನವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತರಿಗೆ ತುರ್ತಿದ್ದರೆ ಕರೆ ಮಾಡಿಕೊಡುವುದು ಹೆಚ್ಚು ಕ್ಷೇಮ.

ಕೊಡುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಹಾಟ್‌ಸ್ಪಾಟಿನ ಭದ್ರತೆ ‘ಇಲ್ಲ’ ಎಂದಿರಬಾರದು. ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲವಾದರೆ ಡಬ್ಲ್ಯುಪಿಎ2. ಪಾಸ್‌ವರ್ಡ್ 12345678 ಆಗಲಿ ಮೊಬೈಲ್ ಸಂಖ್ಯೆಯಾಗಲಿ ಆಗಬಾರದು. ಸಂಬಂಧವಿಲ್ಲದ ಮೂರ್ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಹಾಟ್‌ಸ್ಪಾಟಿಗೆ ಸ್ವಂತ ಹೆಸರು ಇದ್ದರೆ ಸುತ್ತ ಐವತ್ತು ಹೆಜ್ಜೆಯವರಿಗೆಲ್ಲ ಆ ಹೆಸರು ಕಾಣುತ್ತದೆ, ಅದನ್ನು ಬದಲಿಸುವುದು ಲೇಸು. ಯಾರ್‍ಯಾರು ಜೋಡಣೆಯಾಗಿದ್ದಾರೆ ಎಂಬ ಪಟ್ಟಿ ಅದೇ ಪುಟದಲ್ಲಿ ಸಿಗುತ್ತದೆ. ಒಂದು ಸಲ ಪಾಸ್‌ವರ್ಡ್ ಕೊಟ್ಟವರು ಮುಂದೆಯೂ ಕೇಳದೇ ಜೋಡಿಸಿಕೊಳ್ಳಬಲ್ಲರು. ಅದು ಬೇಡವೆಂದರೆ ಪಾಸ್‌ವರ್ಡ್ ಬದಲಿಸಬೇಕು.

ಪಡೆಯುವವರ ಕಡೆಯಿಂದ ನೋಡಿದರೆ ನಂಬಿಕೆಯ ಗೆಳೆಯನ ಹಾಟ್‌ಸ್ಪಾಟು ನಿಲ್ದಾಣದ ವೈಫೈಗಿಂತ ಭದ್ರ. ಗಾಳಿಯಲ್ಲಿ ಗೂಢಲಿಪಿ ಇದೆ, ಮುಂದೆ ಸಿಮ್ಮಿನ ಗಟ್ಟಿ ದಾರಿ ಇದೆ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಅರ್ಜಿ ತುಂಬುವವರಿಗೆ ಸ್ವಂತ ಫೋನಿನ ಹಾಟ್‌ಸ್ಪಾಟಿಗಿಂತ ಒಳ್ಳೆಯದು ಬೇರಿಲ್ಲ.

ಕಾನೂನಿನ ನೆಲೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ದೇಶದ ನ್ಯಾಯಾಲಯಗಳಲ್ಲಿ ಇಂದಿಗೂ ಆ ತೀರ್ಪನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋದದ್ದು 2012ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಆ ತೀರ್ಪಿನ ಬೆನ್ನಿಗೇ ಬೆಳೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅದರ ಮುಖ್ಯ ಹೊಣೆಗಳು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುತ್ತವೆ. ಆಗ ವೈಫೈ ನಡೆಸುವ ಸಂಸ್ಥೆ ತಾನು ಪಡೆದ ಮೊಬೈಲ್ ಸಂಖ್ಯೆ ಯಾವ ಕೆಲಸಕ್ಕೆ ಎಂದು ಹೇಳಬೇಕು. ಬೇರೆ ಕೆಲಸಕ್ಕೆ ಬಳಸಲು ಮತ್ತೆ ಒಪ್ಪಿಗೆ ಕೇಳಬೇಕು. ಸರ್ಕಾರಕ್ಕೆ ಕಾಯ್ದೆ ಕೊಟ್ಟಿರುವ ವಿನಾಯಿತಿಗಳು ಮಾತ್ರ ಅಗತ್ಯಕ್ಕಿಂತ ಅಗಲವಾಗಿವೆ.

ಹಣ ಹೋದರೆ, ಫೋನು ಹೋದರೆ

ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು, ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಮೊದಲ ಒಂದೆರಡು ಗಂಟೆಯೇ ನಿರ್ಣಾಯಕ. ನಾಚಿಕೆಯಿಂದಲೋ ಮನೆಯಲ್ಲಿ ಬೈದಾರೆಂಬ ಭಯದಿಂದಲೋ ಮರುದಿನಕ್ಕೆ ತಳ್ಳಿದವರ ಹಣ ಮರಳುವ ಸಾಧ್ಯತೆ ತೀರಾ ಕಡಿಮೆ. 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದ ರಾಜ್ಯ ಕರ್ನಾಟಕ. ಈಗ ವಿಜಯಪುರ ಸೇರಿದಂತೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳಿವೆ.

ಫೋನೇ ಕಳೆದರೆ ಕೆಲಸದ ಕ್ರಮ ಬೇರೆ. ಮೊದಲು ಕಂಪನಿಗೆ ಹೇಳಿ ಸಿಮ್ ನಿಲ್ಲಿಸುವುದು, ಬ್ಯಾಂಕಿಗೆ ತಿಳಿಸಿ ಯುಪಿಐ ತಡೆಯುವುದು. ನಂತರ ಪೊಲೀಸರಿಗೆ ದೂರು ಕೊಟ್ಟು, ಅದೇ ಸಂಖ್ಯೆಗೆ ಹೊಸ ಸಿಮ್ ಪಡೆದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಸಿಇಐಆರ್ ವಿಭಾಗಕ್ಕೆ ಹೋಗಿ ಫೋನಿನ ಐಎಂಇಐ ಸಂಖ್ಯೆ ನಮೂದಿಸಬೇಕು. 2023ರ ಮೇ ತಿಂಗಳಿಂದ ಇದು ದೇಶದಾದ್ಯಂತ ಲಭ್ಯ. ಆ ಮೇಲೆ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನಿಗೆ ನೆಟ್‌ವರ್ಕ್ ಸಿಗದು, ಹಾಕಿದ್ದು ಪೊಲೀಸರಿಗೂ ತಿಳಿಯುತ್ತದೆ. ಐಎಂಇಐ ಬೇಕಾಗುವುದು ಫೋನು ಕೈಯಲ್ಲಿಲ್ಲದಾಗ. ಆದ್ದರಿಂದ *#06# ಒತ್ತಿ ಬರುವ ಹದಿನೈದು ಅಂಕಿಗಳನ್ನು ಮೊದಲೇ ಒಂದು ಕಾಗದದಲ್ಲಿ ಬರೆದಿಡಬೇಕು, ಖರೀದಿಯ ಬಿಲ್ ಜೋಪಾನ ಮಾಡಬೇಕು. ಅದೇ ತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ ತಮ್ಮದಲ್ಲದ್ದನ್ನು ನಿಲ್ಲಿಸಲೂ ಬರುತ್ತದೆ. ಹಳೆಯ ಫೋನು ಕೊಳ್ಳುವವರು ಐಎಂಇಐಯನ್ನು 14422ಕ್ಕೆ ‘ಕೆವೈಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳೊಡನೆ ಎಸ್‌ಎಂಎಸ್ ಮಾಡಿದರೆ ಅದು ತಡೆಹಿಡಿದ ಫೋನೇ ಎಂಬುದು ಗೊತ್ತಾಗುತ್ತದೆ. ಕಳೆದ ಫೋನು ಮರಳಿ ಸಿಕ್ಕರೆ, ತಡೆಹಿಡಿದಾಗ ಕೊಟ್ಟ ಅರ್ಜಿ ಸಂಖ್ಯೆಯನ್ನು ಅಲ್ಲೇ ಹಾಕಿ ಮತ್ತೆ ಚಾಲೂ ಮಾಡಿಸಿಕೊಳ್ಳಬಹುದು.